ಗುಗ್ಗರಿಯಾದ ಮುಂದಿನ ಪೀಳಿಗೆ

ಕೈಗೆ ಸಿಕ್ಕ ಮೈಕು ಬಿಡದವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬ, ಮದುವೆಯಲ್ಲಿ ಆಹೇರಿಯ ಉಡುಗೊರೆ ಕೊಟ್ಟವರ ಹೆಸರು ಕೂಗುವವ. ಇನ್ನೊಬ್ಬ ನಾನು. ಸೇಡಂನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನನ್ನು ಚಿತ್ತಾಪುರದ ಶಿಕ್ಷಕರು ತಮ್ಮ ಸಭೆಗೆ ಕರೆದಾಗ, ವಿಷಯ ಏನೆಂದು ಕೇಳುವ ಮೊದಲೇ ಹೂಂ ಅಂದಿದ್ದೆ. ವಿಷಯ ಆಮೇಲೆ ತಿಳಿಯಿತು: ‘ಸುಸ್ಥಿರ ಅಭಿವೃದ್ಧಿ ಎಂಬ ವಿಚಾರದ ಮೂಲ’. ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಅದರ ವ್ಯಾಖ್ಯೆ ಬರೆಸುತ್ತಿದ್ದೇನೆ, ನಿಜ. ಆದರೆ ಅದು ಎಲ್ಲಿ ಹುಟ್ಟಿತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ದೇವರು ಒಳ್ಳೆಯದು ಮಾಡಲಿ ಅವರಿಗೆ.

ನನ್ನ ಕಪಾಟಿನಲ್ಲಿ ಅದೇ ವಿಷಯದ ದಪ್ಪ ವರದಿಯೊಂದಿದೆ. ಕೊಂಡ ದಿನ ಮುಟ್ಟಿದ್ದು ಬಿಟ್ಟರೆ ಮತ್ತೆ ಮುಟ್ಟಿರಲಿಲ್ಲ. ಈಗಲೂ ಅದನ್ನು ತೆಗೆಯದೆ ಮೊಬೈಲಿನಲ್ಲೇ ಹುಡುಕಿದೆ. ಮುನ್ನೂರು ವರ್ಷದ ಹಿಂದೆ ಜರ್ಮನರ ನಾಡಿನಲ್ಲಿ ಬೆಳ್ಳಿ ಗಣಿಗಳ ಕುಲುಮೆಗೆ ಕಟ್ಟಿಗೆ ಒದಗಿಸಿ ಒದಗಿಸಿ ಕಾಡು ಬರಿದಾಯಿತಂತೆ. ಆಗ ಗಣಿಯ ಅಧಿಕಾರಿಯೊಬ್ಬ, ಬೆಳೆಯುವಷ್ಟೇ ಕಡಿಯಿರಿ, ಮಿಕ್ಕಿದ್ದು ಮುಟ್ಟಬೇಡಿ ಎಂದು ಬರೆದನಂತೆ. ಅದೇ ಮಾತು ಬೆಳೆದು ವಿಶ್ವಸಂಸ್ಥೆಯ ಆಯೋಗವೊಂದರ ಬಾಯಿಗೆ ಬಂದು, ಇಂದಿನವರ ಅಗತ್ಯ ತೀರಬೇಕು, ಮುಂದಿನ ಪೀಳಿಗೆಗೆ ಕೊರತೆಯಾಗಬಾರದು ಎಂದಾಯಿತು. ಇಷ್ಟನ್ನು ಹದಿನೆಂಟು ಪುಟಕ್ಕೆ ಹಿಗ್ಗಿಸಿದೆ. ಹಿಗ್ಗಿಸುವುದರಲ್ಲಿ ನನ್ನ ಕೈ ಪಳಗಿದೆ.

ಸಭೆಗೆ ಮುಂಚಿನ ಎರಡು ದಿನ ಅವ್ವ ಮತ್ತು ನನ್ನ ಹೆಂಡತಿ ಶಶಿಕಲಾ ಮದುವೆಗೆಂದು ಚಿಂಚೋಳಿಗೆ ಹೋಗಿದ್ದರು. ಭಾಷಣವನ್ನು ಒಮ್ಮೆ ಓದಿ ನೋಡೋಣವೆಂದು ಮೂವರು ಸಹೋದ್ಯೋಗಿಗಳನ್ನು ಮನೆಗೆ ಕರೆದೆ. ಹದಿನೆಂಟು ಪುಟ ಕೇಳುವವರಿಗೆ ಬರಿ ಚಹಾ ಸಾಲದು. ತಿನ್ನಲಿಕ್ಕೆ ಏನಿದೆ ಎಂದು ಹುಡುಕುತ್ತ ಅಟ್ಟ ಹತ್ತಿದಾಗ, ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದು ಕಂಡಿತು. ಬಿಚ್ಚಿದರೆ ಬೂದಿ, ಒಣಗಿದ ಬೇವಿನೆಲೆ, ನಡುವೆ ಮೂರು ಸೇರು ಇಡೀ ತೊಗರಿ. ಅಯ್ಯೋ ಪಾಪ, ಅವ್ವನಿಗೆ ವಯಸ್ಸಾಯಿತು, ಬೂದಿ ಬಿದ್ದದ್ದೂ ಗೊತ್ತಾಗಿಲ್ಲ ಅಂದುಕೊಂಡೆ. ಜರಡಿ ಹಿಡಿದು, ನಾಲ್ಕು ನೀರಿನಲ್ಲಿ ತೊಳೆದು, ನೆನೆಹಾಕಿ, ಉಪ್ಪು ಹಾಕಿ ಬೇಯಿಸಿ, ಒಗ್ಗರಣೆ ಕೊಟ್ಟು ಗುಗ್ಗರಿ ಮಾಡಿದೆ. ಗಡಿಗೆಯನ್ನೂ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟೆ. ಹೆಂಡತಿ ಇಲ್ಲದಾಗ ಇಷ್ಟು ಕೆಲಸ ಮಾಡುವ ಗಂಡಸರು ಎಷ್ಟು ಜನರಿದ್ದಾರೆ ಹೇಳಿ!

ನಾನು ‘ಮುಂದಿನ ಪೀಳಿಗೆ’ ಎಂದು ಓದಿದಾಗಲೆಲ್ಲ ಅವರು ಒಂದೊಂದು ಮುಷ್ಟಿ ಬಾಯಿಗೆ ಹಾಕಿಕೊಂಡರು. “ಭಾಷಣ ಹ್ಯಾಂಗಾತ್ರಿ?” ಅಂದರೆ, “ಗುಗ್ಗರಿ ಭಾಳ ಛಲೋ ಆಗ್ಯಾದ್ರಿ ಸರ” ಅಂದರು. ಉಳಿದದ್ದನ್ನು ಅಕ್ಕಪಕ್ಕದ ಮನೆಗಳಿಗೂ ಹಂಚಿದೆ. ಅವ್ವನಿಗೆಂದು ಒಂದು ತಾಟು ಮಾತ್ರ ತೆಗೆದಿಟ್ಟೆ.

ಮರುದಿನ ಅವ್ವ ಬಂದವಳೇ ಬಿಸಿಲಿನಲ್ಲಿದ್ದ ಗಡಿಗೆ ನೋಡಿದಳು. “ಯಪ್ಪಾ, ಇದನ್ಯಾಕ ತೊಳದಿ?”

“ಭಾಳ ಹೊಲಸಾಗಿತ್ತಬೇ. ತೊಗರಿ ಸ್ವಚ್ಛ ಮಾಡಿ ಗುಗ್ಗರಿ ಮಾಡೀನಿ, ತಿನ್ನು” ಎಂದು ತಾಟು ಮುಂದಿಟ್ಟೆ.

ಅವ್ವ ಹಾಸುಗಲ್ಲಿನ ಮೇಲೆ ಹಾಗೇ ಕುಸಿದು ಕೂತಳು. “ಬಿತ್ತೋದನ್ನ ಬೇಯಿಸಿ ತಿಂದ್ಯಲ್ಲೋ ನನ್ನ ಹಡದಪ್ಪಾ! ನಮ್ಮವ್ವ ನನ್ನ ಮದುವ್ಯಾಗ ಉಡಿಯಾಗ ಹಾಕಿ ಕಳಿಸಿದ ಬೀಜ ಅದು. ಮಿರಗದ ಮಳಿ ಬಂದ್ರ ನಿಮ್ಮ ಮಾವ ಬೀಜ ಬೇಡ್ತಾನ. ಅವಗೇನು ಗುಗ್ಗರಿ ಕೊಡ್ಲ್ಯಾ?”

ನಮ್ಮ ಹೊಲ ಇರುವುದು ಕುರಕುಂಟಾದಲ್ಲಿ. ಅದನ್ನು ಮಾಡುವವನು ಸೋದರಮಾವ. ಸುತ್ತಲಿನ ಹೊಲಗಳೆಲ್ಲ ನೆಟೆ ರೋಗ ಬಡಿದು ನಿಂತಲ್ಲೇ ಒಣಗಿದರೂ ಈ ಗಿಡ್ಡ ತೊಗರಿ ಒಣಗುವುದಿಲ್ಲ. ಅಂಗಡಿಯಲ್ಲಿ ಈ ಬೀಜ ಸಿಗುವುದೂ ಇಲ್ಲ. ಐವತ್ತು ವರ್ಷ ಅವ್ವ ಪ್ರತಿ ಸುಗ್ಗಿಯಲ್ಲೂ ಬೀಜ ತೆಗೆದಿಟ್ಟು, ಬೂದಿ ಹಾಕಿ ಕಾದದ್ದನ್ನು ನಾನು ಒಂದು ಸಂಜೆಯಲ್ಲಿ ಮುಗಿಸಿದ್ದೆ. ಶಶಿಕಲಾ ಮೇಜಿನ ಮೇಲಿನ ಹದಿನೆಂಟು ಪುಟಗಳನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, “ಓದೋದೇನು, ಮಾಡೋದೇನ್ರಿ?” ಅಂದಳು. ನನಗೆ ನಿಜಕ್ಕೂ ಅಳು ಬಂತು. ಅವ್ವ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಆ ರಾತ್ರಿ ಉಣ್ಣಲಿಲ್ಲ.

ಬೆಳಗಾದ ಮೇಲೆ ತಾನೇ ಬಂದು ಎಬ್ಬಿಸಿದಳು. “ಏಳು. ಕುರಕುಂಟಾದಾಗ ನನ್ನ ಗೆಳತಿ ನಾಗವ್ವನ ಮನಿಗಿ ಹೋಗು. ಎರಡು ವರ್ಷದ ಹಿಂದ ಅಕಿಗೂ ಇದೇ ಬೀಜ ಕೊಟ್ಟೀನಿ. ಇಟ್ಟಿದ್ರ ನಮ್ಮ ಪುಣ್ಯ.” ಚಿತ್ತಾಪುರದ ಸಭೆಯೂ ಅದೇ ದಿನ. ಭಾಷಣದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ನಾಗವ್ವನ ಮನೆಯಲ್ಲಿ ಅರ್ಥಶಾಸ್ತ್ರ ಓದಿದವರು ಯಾರೂ ಇಲ್ಲದಿರಲಿ ಎಂದು ಬೇಡಿಕೊಂಡೆ.

ನಾಗವ್ವ ಅಂಗಳ ಗುಡಿಸುತ್ತಿದ್ದಳು. ಪೂರ್ತಿ ಕಥೆ ಕೇಳಿ ಕಸಬರಿಗೆ ಕೆಳಗಿಟ್ಟು ನಕ್ಕಳು. “ಬರ್ರಿ ಸಾಹೇಬ್ರ, ಕುಂದ್ರಿ. ನಿಮ್ಮವ್ವ ಬೀಜ ಕೊಡುವಾಗ ಏನಂದಿದ್ಲು ಗೊತ್ತದೇನು? ನನ್ನಲ್ಲಿ ಕೆಟ್ರ ನಿನ್ನಲ್ಲಿ ಇರ್ಲಿ, ನಿನ್ನಲ್ಲಿ ಕೆಟ್ರ ನನ್ನಲ್ಲಿ ಇರ್ಲಿ ಅಂದಿದ್ಲು. ನಮ್ಮನ್ಯಾಗ ಇಲಿ ಭಾಳ ಅದಾವ, ಅದಕ್ಕ ನಾ ಅಂಜಾಕತ್ತಿದ್ದೆ. ನಿಮ್ಮನ್ಯಾಗ ನೀವಿದ್ರಿ ಅನ್ನೋದು ಆವಾಗ ಹೊಳೀಲಿಲ್ಲ ನೋಡ್ರಿ!” ಒಳಗೆ ಹೋಗಿ ಬೂದಿ ಸಮೇತ ಮೂರು ಸೇರು ಅಳೆದು ತಂದಳು. ಬೂದಿ ಕಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಚಿತ್ತಾಪುರದ ವೇದಿಕೆಯ ಮೇಲೆ ಹಾರ ಹಾಕುವಾಗಲೂ ಬೀಜದ ಚೀಲವನ್ನು ಎದೆಗೆ ಅವುಚಿಕೊಂಡೇ ಇದ್ದೆ. ಬೆಳ್ಳಿ ಗಣಿ, ಬರಿದಾದ ಕಾಡು, ಆಯೋಗ ಎಲ್ಲ ಹೇಳಿದೆ. ಮುಂದಿನ ಸಾಲಿನ ಗುರುಗಳು ಆಕಳಿಸಿದರು. ಆಗ ಪುಟಗಳನ್ನು ಮಡಚಿ, “ಗೆಳೆಯರೇ, ಈ ವಿಚಾರಕ್ಕೆ ಹೆಸರು ಹುಟ್ಟಿದ್ದು ಅಲ್ಲಿ. ಕೆಲಸ ಮಾತ್ರ ನಮ್ಮ ಅಟ್ಟದ ಮೇಲೆ ಮೊದಲಿನಿಂದಲೂ ನಡೆದಿತ್ತು, ನಾನು ಅದನ್ನು ಮೊನ್ನೆ ಗುಗ್ಗರಿ ಮಾಡಿ ತಿಂದೆ” ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಆಕಳಿಸಿದವರೇ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಬಿದ್ದ ಚಪ್ಪಾಳೆ ವಾಡಿ ಸ್ಟೇಷನ್ನಿಗೆ ಕೇಳಿಸಿರಬೇಕು! ಕೆಳಗಿಳಿದಾಗ ಎಲ್ಲರೂ ಸುತ್ತುವರಿದು, “ನಮಗೂ ಒಂದು ಮುಷ್ಟಿ ಬೀಜ ಕೊಡ್ರಿ ಸರ” ಅಂದರು. ಸುಗ್ಗಿ ಆಗಲಿ, ಆಮೇಲೆ ಬರ್ರಿ ಎಂದು ಚೀಲದ ಬಾಯಿ ಇನ್ನಷ್ಟು ಬಿಗಿದೆ.

ಮಾವ ಬಿತ್ತಿದ. ಆ ವರ್ಷ ಪಕ್ಕದ ಹೊಲಗಳಿಗೆ ನೆಟೆ ಬಡಿಯಿತು. ನಮ್ಮ ಗಿಡ್ಡ ತೊಗರಿ ಜಗ್ಗಲಿಲ್ಲ. ಗೆದ್ದೆವು! ಶಹಾಬಾದಿನಿಂದ ಚಿಂಚೋಳಿಯವರೆಗಿನ ಹನ್ನೊಂದು ಮನೆಗಳಲ್ಲಿ ಈಗ ಅವ್ವನ ಬೀಜವಿದೆ. ಒಬ್ಬ ಮೇಷ್ಟ್ರು ಗುಗ್ಗರಿ ಮಾಡಿಕೊಂಡರೂ ಹತ್ತು ಮನೆ ಉಳಿಯುತ್ತವೆ.

ಹೊಸ ಬೀಜ ತುಂಬಿದ ನಮ್ಮ ಮನೆಯ ಗಡಿಗೆ ಮಾತ್ರ ಅಟ್ಟದಿಂದ ಕಾಣೆಯಾಗಿತ್ತು. ಎಲ್ಲಿಟ್ಟೀಯವ್ವಾ ಎಂದು ಎಷ್ಟು ಕೇಳಿದರೂ ಅವ್ವ ನಗುತ್ತಿದ್ದಳೇ ಹೊರತು ಹೇಳಲಿಲ್ಲ. ಮೊನ್ನೆ ಸಹೋದ್ಯೋಗಿಯೊಬ್ಬರು ಬಂದು, “ಸರ, ಆ ಸುಸ್ಥಿರ ಅಭಿವೃದ್ಧಿ ವರದಿ ಸ್ವಲ್ಪ ಕೊಡ್ರಿ, ಓದಿ ಕೊಡ್ತೀನಿ” ಅಂದರು. ಠೀವಿಯಿಂದ ಕಪಾಟು ತೆರೆದು, ದಪ್ಪ ವರದಿಯನ್ನು ಎಳೆದೆ. ಅದರ ಹಿಂದೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಡಿಗೆ ಕೂತಿತ್ತು.

ಅವ್ವ ಅಡುಗೆ ಮನೆಯಿಂದಲೇ ಕೂಗಿದಳು, “ಆ ಪುಸ್ತಕ ತಿರುಗಿ ಅಲ್ಲೇ ಇಡೋ! ನಿನ್ನ ಕೈ ಹೋಗದ ಜಾಗಾ ಮನ್ಯಾಗ ಅದೊಂದೇ ಅದ.”