ಚಿಗವ್ವನ ಒಗೆಯುವ ಕಲ್ಲು

ಕಲ್ಲು ಕೆತ್ತುವವನಿಗೆ ಊರಲ್ಲಿ ಒಂದು ಮರ್ಯಾದೆ ಇರುತ್ತದೆ. ಅದೇ ಮನುಷ್ಯ ಹಳೆಯ ಉತ್ತರಪತ್ರಿಕೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮಿಕ್ಸಿಯಲ್ಲಿ ರುಬ್ಬುತ್ತ ಕೂತರೆ, ಹೆಂಡತಿಯೂ ಅವನನ್ನು ಶಿಲ್ಪಿ ಎನ್ನಲು ಹಿಂದೆಮುಂದೆ ನೋಡುತ್ತಾಳೆ. ಭುಜದ ನೋವಿಗೆ ಉಳಿ, ಸುತ್ತಿಗೆ ಕೆಳಗಿಟ್ಟ ಮೇಲೆ ನನ್ನದು ಇದೇ ಪಾಡು. ಗೋಕಾಕದ ನಮ್ಮ ಮನೆಯಲ್ಲಿ ಚಟ್ನಿಗೊಂದು, ಕಲೆಗೊಂದು ಮಿಕ್ಸಿ ಇವೆ. ಒಂದು ದಿನ ಅವು ಅದಲುಬದಲಾದವು. ಆ ವಿಷಯ ಬೇಡ. ಕಾಗದದ ಮುದ್ದೆಯನ್ನು ಒರಟು ಮೈಯ ಮೇಲೆ ಹರಡಿ, ಒತ್ತಿ, ಒಣಗಿಸಿ ಬಿಡಿಸಿದರೆ ಅದರ ಗೀರು, ತಗ್ಗುಗಳೆಲ್ಲ ಅಚ್ಚಿನಲ್ಲಿ ಮೂಡುತ್ತವೆ. ನನ್ನ ಈಗಿನ ಶಿಲ್ಪವೆಂದರೆ ಇಷ್ಟೇ.

ಕಲ್ಲೋಳಿಯಲ್ಲಿರುವ ನನ್ನ ಚಿಗವ್ವನ, ಅಂದರೆ ತಾಯಿಯ ತಂಗಿಯ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಮೊದಲು ಅವಳ ಅತ್ತೆ, ಆಮೇಲೆ ಅವಳು ಒಗೆದೊಗೆದು ಅದು ಅಲ್ಲಲ್ಲಿ ಸವೆದು ಗೀರುಬಿದ್ದಿತ್ತು. ಹೊಸ ಬಚ್ಚಲಿಗಾಗಿ ಅದನ್ನು ಒಡೆಯುತ್ತಾರೆಂದು ತಿಳಿದು, ಕಟ್ಟಡ ಕೆಲಸದ ಗೌಂಡಿ ಬರುವ ಐದು ದಿನ ಮೊದಲೇ ಬಕೆಟ್ಟು ಹಿಡಿದು ಓಡಿದೆ. ಗೋಕಾಕದ ಪ್ರದರ್ಶನಕ್ಕೆ ಅದರ ಅಚ್ಚೇ ನನ್ನ ಮುಖ್ಯ ಕೃತಿಯೆಂದು ಆಗಲೇ ಬರೆದು ಕೊಟ್ಟಿದ್ದೆ.

ಎರಡು ದಿನ ಒಣಗಿಸಿ ಬಿಡಿಸಿದರೆ ಅರ್ಧ ಕೈಗೆ ಬಂತು, ಅರ್ಧ ಕಲ್ಲಿಗೇ ಉಳಿಯಿತು. ತಲೆಯ ಮೇಲೆ ಕೈ ಹೊತ್ತು ಕೂತೆ. ಚಿಗವ್ವ ಚಹಾ ತಂದಳು.

"ಕಲ್ಲಿಗೆ ಸಾಬಾನ ಹಚ್ಚಿದ್ದೇನು?"

"ಇಲ್ಲ ಚಿಗವ್ವಾ."

"ಮತ್ತ ಹೆಂಗ ಬಿಡತೈತಿ?"

ಕಲಾಶಾಲೆಯಲ್ಲಿ ಐದು ವರ್ಷ ಕಲಿತವನು ನಾನು. ಅವಳು ಕಲ್ಲು ತೊಳೆದು, ಬಟ್ಟೆ ಸಾಬೂನು ತಿಕ್ಕಿದಳು. ನಾನು ಹೊಸ ಮುದ್ದೆ ಹರಡಿ ಸ್ಪಂಜಿನಿಂದ ಮೆಲ್ಲಗೆ ಒತ್ತತೊಡಗಿದೆ. ಅವಳಿಗೆ ನೋಡಲಾಗಲಿಲ್ಲ.

"ಕೂಸಿನ ಬೆನ್ನ ಸವರಿದಂಗ ಮಾಡಾಕತ್ತಿಯಲ್ಲೋ. ಸರಿ ಅತ್ತಾಗ."

ಸೆರಗು ಸಿಕ್ಕಿಸಿ ಕೂತವಳು, ಕಂಬಳಿ ಒಗೆಯುವ ರಟ್ಟೆಯಿಂದ ಮುದ್ದೆಯನ್ನು ಕಲ್ಲಿನ ಒಂದೊಂದು ಗೀರಿಗೂ ಇಳಿಸಿದಳು. ನಾನು ನೀರು ಹಿಂಡಿದೆ.

ಗೌಂಡಿ ಬರುವ ದಿನ ಬೆಳಿಗ್ಗೆ ಅಂಚು ಎತ್ತಿದೆ. ಹಪ್ಪಳದಂತೆ ಇಡಿಯಾಗಿ ಎದ್ದು ಬಂತು. ನಾನು ಕಲ್ಲಿನಲ್ಲಿ ಗಮನಿಸಿರದ ಗುರುತುಗಳೂ ಅದರಲ್ಲಿದ್ದವು. ಕೈ ತಿಕ್ಕಿ ಸವೆದ ಎರಡು ತಗ್ಗುಗಳು ಉಬ್ಬಾಗಿ ಮೂಡಿದ್ದವು, ಒಂದು ಬಲಕ್ಕೆ, ಒಂದು ಎಡಕ್ಕೆ.

ಚಿಗವ್ವ ಅಚ್ಚನ್ನು ನೋಡಿ ಕಲ್ಲಿನ ಕಡೆ ಬಗ್ಗಿದಳು. "ಬಲಗಡೆದು ನಂದು. ಎಡಗಡೆದು ನಮ್ಮತ್ತಿದು. ಆಕಿ ಎಡಚಿ ಇದ್ದಳು," ಎಂದು ಕಲ್ಲಿನ ಎಡಗಡೆಯ ತಗ್ಗಿನ ಮೇಲೆ ಬೆರಳಾಡಿಸಿದಳು.

ಪ್ರದರ್ಶನಕ್ಕೆ ಚಿಗವ್ವನನ್ನೂ ಕರೆತಂದಿದ್ದೆ. ಅಲ್ಲಿ ಜನ ಬೇರೆಲ್ಲ ಬಿಟ್ಟು ಆ ಅಚ್ಚಿನ ಮುಂದೆಯೇ ನೆರೆದರು. ನಾನು ಎರಡು ದಿನ ಕೂತು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅದನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ಚಿಗವ್ವ ಸಾಬೂನಿನಿಂದ ಹಿಡಿದು ಅತ್ತೆಯ ಎಡಗೈವರೆಗೆ ಎಲ್ಲ ಹೇಳಿ ಮುಗಿಸಿದ್ದಳು. ಚಪ್ಪಾಳೆ ಬಿತ್ತು. ಹುಕ್ಕೇರಿಯ ಚಿತ್ರಕಲಾ ಶಿಕ್ಷಕಿಯೊಬ್ಬರು ನನ್ನ ಕಡೆ ನೋಡಿ, "ಇವರ‍್ಯಾರ್ರಿ?" ಎಂದು ಅವಳನ್ನು ಕೇಳಿದರು.

"ನಮ್ಮ ಅಕ್ಕನ ಮಗಾರಿ. ಕಾಗದ ಚಲೋ ನೆನಸ್ತಾನ."

ಶಿಕ್ಷಕಿ ತಮ್ಮ ಮೊಬೈಲನ್ನು ನನ್ನ ಕೈಗಿಟ್ಟು ಚಿಗವ್ವನ ಪಕ್ಕ ಹೋಗಿ ನಿಂತರು. ನನ್ನ ಬಾಳಿನ ಅತ್ಯುತ್ತಮ ಕೃತಿಯ ಮುಂದೆ ನಾನಿಲ್ಲದ ಆ ಫೋಟೋ ಬಹಳ ಚೆನ್ನಾಗಿ ಬಂದಿದೆ.