ಮಾಮಾ ಕಂಡ ಬಿಳಿ ಹದ್ದು

ನಮ್ಮ ಸೋದರಮಾವ ಇಷ್ಟು ವರ್ಷಗಳಲ್ಲಿ ಕಂಡಷ್ಟು ಬಿಳಿ ಹದ್ದುಗಳನ್ನು ದೇವರು ಹುಟ್ಟಿಸಿದ್ದಾನೋ ಇಲ್ಲವೋ, ನನಗೆ ಅನುಮಾನ! ನಮ್ಮ ಹೊಲಗಳ ಮೇಲೆ ಬೂದು-ಬಿಳಿ ಬಣ್ಣದ ಪುಟ್ಟ ಹದ್ದೊಂದು ರೆಕ್ಕೆ ಬಡಿಯುತ್ತ ನಿಲ್ಲುತ್ತದಲ್ಲ, ಅದನ್ನು ತೋರಿಸಿದರೆ ಮಾಮಾ ಮುಖ ಸಿಂಡರಿಸುತ್ತಾರೆ. ಅದರ ಜಾತಿಯೇ ಬಿಳಿ, ಅದರಲ್ಲೇನು ಹೆಚ್ಚುಗಾರಿಕೆ? ಅವರಿಗೆ ಬೇಕಾದದ್ದು ಕಂದು ಬಣ್ಣದ್ದಾಗಬೇಕಿದ್ದ ದೊಡ್ಡ ಹದ್ದು ಬೆಳ್ಳಗೆ ಹುಟ್ಟಿರುವುದು. ಎಲ್ಲೋ ಅಪರೂಪಕ್ಕೆ ಒಂದು ಹಾಗೆ ಹುಟ್ಟುತ್ತದಂತೆ.

ಈ ಹುಚ್ಚು ಹಿಡಿದದ್ದು ಅವರು ನಾರಾಯಣಖೇಡ್–ಝಹೀರಾಬಾದ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ. ಒಂದು ಮುಂಜಾನೆ ಟಿಕೆಟ್ ಹರಿಯುತ್ತಿದ್ದವರು ಕಿಟಕಿಯಾಚೆ ಅಂಥದೊಂದು ಹಾರುವುದನ್ನು ಕಂಡು ಸೀಟಿ ಊದಿಯೇ ಬಿಟ್ಟರು. ಬಸ್ಸು ಗಕ್ಕನೆ ನಿಂತಿತು. ಮಾಮಾ ಹೊಲಕ್ಕಿಳಿದು ಓಡಿದರು. ಗಾಲಿ ಪಂಕ್ಚರ್ ಆಗಿರಬೇಕೆಂದು ಜನರೆಲ್ಲ ಇಳಿದರು, ಒಬ್ಬಳು ಮುದುಕಿ ಗಂಟುಮೂಟೆ ಸಮೇತ ಇಳಿದಳು. ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತ ಬಂದ ಮಾಮಾ, ಹದ್ದು ಹೋಯಿತು ಅಂದರು. ಎಲ್ಲರೂ ಮತ್ತೆ ಹತ್ತಿ ಕೂತರು. ಡ್ರೈವರ್ ಮಾತ್ರ ಎಂಟು ದಿನ ಮಾಮಾನ ಜೊತೆ ಚಹಾ ಕುಡಿಯಲಿಲ್ಲ.

ರಿಟೈರ್ ಆದ ಮೇಲೆ ಕೇಳಬೇಕೆ? ಒಂದು ದುರ್ಬೀನು ಕೊಂಡರು, ಹಳೇ ಸ್ಕೂಟರ್ ರಿಪೇರಿ ಮಾಡಿಸಿದರು. ಝರಾಸಂಗಂ ಕಡೆ ಒಂದು ತೊಗರಿ ಹೊಲದಲ್ಲಿ ಕೂತು, ದೂರದ ಬೇವಿನ ಗಿಡದಲ್ಲಿದ್ದ ಬಿಳಿ ಆಕಾರವನ್ನು ಎರಡು ತಾಸು ನೋಡಿದರು. ಹೊಲದ ಯಜಮಾನ, ಇವರು ರಸ್ತೆ ಅಗಲ ಮಾಡಲು ಸರ್ವೆಗೆ ಬಂದವರೆಂದು ತಿಳಿದು ಚಹಾ ತರಿಸಿದ, ತನ್ನದೆಷ್ಟು ಜಮೀನು ಹೋಗುತ್ತದೆಂದು ಅಳುಕುತ್ತ ಕೇಳಿದ. ಮಾಮಾ ಬಾಯಿಗೆ ಬೆರಳಿಟ್ಟು, ಹದ್ದು ಅಂತ ಪಿಸುಗುಟ್ಟಿ ಗಿಡ ತೋರಿಸಿದರು. ಆತ ಹೋಗಿ ಗಿಡ ಹತ್ತಿ, ಕೊಂಬೆಗೆ ಸಿಕ್ಕಿದ್ದ ಗೊಬ್ಬರದ ಚೀಲ ಬಿಡಿಸಿ ತಂದು, ನೀಟಾಗಿ ಮಡಚಿ ಕೈಗೆ ಕೊಟ್ಟ. “ನಿಮ್ಮ ಹದ್ದು ತಗೋರಿ” ಅಂದ.

ತಾಂಡೂರಿನದು ಇದಕ್ಕಿಂತ ದೊಡ್ಡ ಕಥೆ. ಅಲ್ಲಿಂದ ಪರಿಚಯದವರೊಬ್ಬರು ಮಾಮಾಗೆ ಫೋಟೋ ಕಳಿಸಿದರು: ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ತಗಡಿನ ಮೇಲೆ ಕೂತ ಹದ್ದು, ಅಪ್ಪಟ ಬಿಳಿ! ಬೀಗರಿಗೆಲ್ಲ ವಾಟ್ಸಾಪಿನಲ್ಲಿ ಸುದ್ದಿ ಹೋಯಿತು. ಮರುದಿನ ರೊಟ್ಟಿ-ಪಲ್ಯ ಕಟ್ಟಿಕೊಂಡು ಜೀಪಿನಲ್ಲಿ ಹನ್ನೊಂದು ಜನ ಹೋದೆವು. ಹದ್ದು ಅಲ್ಲೇ ಇತ್ತು. ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ, ಕೈ ಮುಗಿದರು. ಅಷ್ಟರಲ್ಲಿ ಅದು ಎದ್ದು ಮೈ ಝಾಡಿಸಿತು ನೋಡಿ, ಕಲ್ಲಿನ ಪುಡಿಯ ಮೋಡವೇ ಎದ್ದಿತು. ಆ ಮೋಡದೊಳಗಿಂದ ಒಂದು ಕಂದು ಹದ್ದು ಹಾರಿಹೋಯಿತು. ಅತ್ತಿ ಮುಗಿದ ಕೈ ಇಳಿಸಿ, ಮಾಮಾನ ಧೂಳು ಮೆತ್ತಿದ ಅಂಗಿ ನೋಡಿ, “ನೀವೂ ಒಮ್ಮಿ ಹಂಗ ಝಾಡಿಸಿಕೋರಿ, ನನಗ ಒಗಿಯೋದರ ತಪ್ತದ” ಅಂದರು.

ಅಲ್ಲಿಂದ ಮುಂದೆ ನಾರಾಯಣಖೇಡದ ಚಹಾದಂಗಡಿಯಲ್ಲಿ ಬೇಳೆ ವ್ಯಾಪಾರಿಗಳಿಗೆ ದಿನಾ ಅದೇ ತಮಾಷೆ. ಮಾಮಾ ಜೊತೆಗೂಡಿ ನಗುತ್ತಿದ್ದರು. ಆದರೆ ಒಂದು ಸಲ ಅಂಗಡಿ ದಾಟಿದ ಮೇಲೆ ನನ್ನನ್ನು ಕೇಳಿದರು, “ನೀನರ ನಂಬ್ತಿ ಇಲ್ಲೋ?” ನಾನು ನಂಬುತ್ತೇನೆ ಅಂದೆ. ಸುಳ್ಳು ಹೇಳಿದ್ದೆ.

ಈ ಸಲ ಶಿವರಾತ್ರಿಗೆ ನಾಲ್ಕು ದಿನ ಮುಂಚೆ ನಾವಿಬ್ಬರೂ ಒಂದು ಹಳ್ಳಿಗೆ ಹೊರಟಿದ್ದೆವು. ಯಾವ ಹಳ್ಳಿ ಅಂತ ಕೇಳಬೇಡಿ. ಮಾಮಾ ಸ್ಕೂಟರ್ ನಿಲ್ಲಿಸಿದರು. ಕಡಲೆ ಹೊಲದ ಬದುವಿನ ಹುಣಸಿ ಗಿಡದಲ್ಲಿ ಕಡ್ಡಿಯ ಗೂಡು, ಗೂಡಿನ ಮೇಲೆ ಅದು. ರೆಕ್ಕೆ, ಬೆನ್ನು, ಬಾಲ, ಎಲ್ಲ ಒಗೆದು ಒಣಗಿಸಿದ ಧೋತರದಂತೆ ಬಿಳಿ. ನಾನು ಧೂಳಿರಬಹುದೆಂದು ಕಾದೆ. ಅದು ಮೈ ಕೊಡವಿತು, ಬಿಳಿಯಾಗಿಯೇ ಉಳಿಯಿತು. ಅದರ ಜೋಡಿಯಾದ ಕಂದು ಹದ್ದು ಇಲಿ ಹಿಡಿದು ಬಂತು. ಗೂಡಿನೊಳಗಿಂದ ಒಂದು ಸಣ್ಣ ತಲೆ ಎದ್ದಿತು.

ಮಾಮಾ ದುರ್ಬೀನು ನನ್ನ ಕೈಗೆ ಕೊಟ್ಟರು. ನಾನು ಮೊಬೈಲಿನಲ್ಲಿ ಫೋಟೋ ಹಿಡಿದೆ, ಈಗಲೇ ಆ ವ್ಯಾಪಾರಿಗಳಿಗೆ ಕಳಿಸೋಣ, ಬಾಯಿ ಮುಚ್ಚಲಿ ಅಂದೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು.

“ಛಲೋ ಬಂದದ” ಅಂದರು. “ಈಗ ಅಳಸು.”

ನಾನು, ಯಾಕೆ ಅಂದೆ.

“ಗೊತ್ತಾದ್ರ ಜನಾ ಬರ್ತಾರ. ಗಿಡದ ಬುಡಕ ನಿಂತು ಕೂಗ್ತಾರ, ಕಲ್ಲು ಒಗೀತಾರ. ಅಂಜಿ ಎದ್ದು ಹೋದ್ರ ಆ ಮರಿ ಗತಿ ಏನು? ನನಗ ನಕ್ಕರ ನಗಲಿ ಬಿಡು.”

ಅಳಿಸಿದೆ.

ವಾಪಸು ಬರುವಾಗ ಚಹಾದಂಗಡಿಯವರು ಕೇಳಿಯೇ ಕೇಳಿದರು. ಮಾಮಾ, ಏನೂ ಕಾಣಲಿಲ್ಲ, ತಮ್ಮ ಕಣ್ಣೇ ಮಂದಾಗಿರಬೇಕು ಅಂದರು. ಎಲ್ಲರೂ ನಕ್ಕರು, ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಸ್ಕೂಟರ್ ಮತ್ತೆ ಹೊರಟಾಗ ಹಿಂದೆ ಕೂತ ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಮನೆ ಬರುವ ತನಕ ತೆಗೆಯಲಿಲ್ಲ.