ಸರಿ ಉತ್ತರ ಎಷ್ಟನೇದು?

ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ. ಇದರಲ್ಲಿ ಎಡವಟ್ಟಾಗೋಕೆ ಏನಿದೆ ಅಂತ ನೀವು ಕೇಳಬಹುದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚಾಮರಾಜಪುರಂನ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಕೂತು, ವೆಬ್‌ಸೈಟಿನಲ್ಲಿ ಪರೀಕ್ಷೆ ಬರೆಯುವ, ಅಭಿಪ್ರಾಯ ಒತ್ತುವ ವ್ಯವಸ್ಥೆಗಳನ್ನು ಕಟ್ಟುತ್ತಿದ್ದವಳು ನಾನು. ಪ್ರಶ್ನೆ, ಉತ್ತರಗಳನ್ನು ಕಂಪ್ಯೂಟರ್ ಒಳಗೆ ಹೇಗೆ ಜೋಡಿಸಿಡಬೇಕು ಅಂತ ನಕ್ಷೆ ಹಾಕೋದು ನನ್ನ ಕೆಲಸ. ಎಡವಟ್ಟಾಗದ ತಿಂಗಳು ನನಗಂತೂ ನೆನಪಿಲ್ಲ.

ಐದು ಟೇಬಲ್

ಮೊದಲ ಗಿರಾಕಿ ಒಂದು ಕಾಲೇಜು. ಮಾಹಿತಿಯನ್ನು ಸಾಲು, ಕಾಲಂ ಮಾಡಿ ಇಡುವ ಪಟ್ಟಿಗೆ ನಮ್ಮ ಕಸುಬಿನಲ್ಲಿ ಟೇಬಲ್ ಅಂತೀವಿ. ಪ್ರಶ್ನೆಗೊಂದು, ಆಯ್ಕೆಗಳಿಗೊಂದು, ವಿದ್ಯಾರ್ಥಿಗಳಿಗೊಂದು, ಪರೀಕ್ಷೆಗೊಂದು, ಒತ್ತಿದ ಉತ್ತರಕ್ಕೊಂದು. ಒಟ್ಟು ಐದು ಟೇಬಲ್ ಅಂತ ಕೆಲಸ ಮುಗಿದ ವರದಿಯಲ್ಲಿ ಬರೆದುಕೊಟ್ಟೆ. ಮೂರು ವಾರವಾದರೂ ವರದಿಗೆ ಸಹಿ ಬೀಳಲಿಲ್ಲ. ವಿಚಾರಿಸೋಕೆ ಹೋದರೆ ಸ್ಟೋರ್ಸಿನ ಗುಮಾಸ್ತರು ದಪ್ಪ ರಿಜಿಸ್ಟರ್ ತೆರೆದು ಕೂತಿದ್ದರು.

"ಐದು ಟೇಬಲ್ ಅಂತ ಬರ್ದಿದೀರ. ಒಂದೂ ಬಂದಿಲ್ವಲ್ಲ ಮೇಡಂ?"

"ಸಾರ್, ಅವು ಕಂಪ್ಯೂಟರ್ ಒಳಗಿವೆ."

ಅವರು ಕನ್ನಡಕ ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಕಂಪ್ಯೂಟರನ್ನು ನೋಡಿದರು. "ಒಳಗಿರ್ಲಿ, ಹೊರಗಿರ್ಲಿ, ನಂಬರ್ ಬರೀದೆ ನಾನು ಸ್ಟಾಕಿಗೆ ತಗೊಳಕ್ಕಾಗಲ್ಲ ಕಣ್ರೀ."

ಕೊನೆಗೆ ಪ್ರಿನ್ಸಿಪಾಲರು "ಏನಾದ್ರೂ ಮಾಡಿ ಬರ್ಕೊಂಡ್ಬುಡ್ರೀ" ಅಂದರು. ಗುಮಾಸ್ತರು ಕಂಪ್ಯೂಟರಿನ ಬದಿಗೆ ಬಿಳಿ ಪೇಂಟಿನಲ್ಲಿ 'ಟೇಬಲ್ ೧ರಿಂದ ೫' ಅಂತ ಬರೆಸಿ, ಆಮೇಲೇ ಸಹಿ ಹಾಕಿದರು.

ಕಲಸಿದ ಉತ್ತರ

ಅದೇ ಕಾಲೇಜಿನ ಮೊದಲ ಪರೀಕ್ಷೆ. ಸರಿ ಉತ್ತರ ಯಾವುದು ಅಂತ ಗುರುತಿಡೋಕೆ ನಾನು ಹಿಡಿದದ್ದು ಸೋಮಾರಿ ದಾರಿ: ಅದು ಎಷ್ಟನೇದು ಅನ್ನೋ ಅಂಕಿಯನ್ನಷ್ಟೇ ಬರೆದಿಟ್ಟಿದ್ದೆ. ಪರೀಕ್ಷೆಯ ಹಿಂದಿನ ದಿನ ಭೌತಶಾಸ್ತ್ರದ ಮೇಷ್ಟ್ರು ಓಡಿ ಬಂದರು.

"ಮೇಡಂ, ಸರಿ ಉತ್ತರಾನ ಯಾವಾಗ್ಲೂ ಎರಡನೇ ಜಾಗದಲ್ಲೇ ಬರ್ಯೋದು ನನ್ನ ಅಭ್ಯಾಸ. ಹುಡುಗ್ರು ಕಂಡುಹಿಡ್ದುಬುಡ್ತಾರೆ. ಸ್ವಲ್ಪ ಕಲಸಿಕೊಡಿ."

ಕಲಸಿದೆ. ಉತ್ತರಗಳು ಜಾಗ ಬದಲಿಸಿದವು; ನಾನು ಬರೆದಿಟ್ಟ 'ಎರಡು' ಮಾತ್ರ ಕದಲಲಿಲ್ಲ.

ಫಲಿತಾಂಶ ಬಂದಾಗ, ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಫೇಲಾಗಿ ಕಾರಿಡಾರಿನಲ್ಲಿ ಅಳುತ್ತಿದ್ದಳು. ನೂರಕ್ಕೆ ನೂರು ತೆಗೆದವನು ಕೊನೇ ಬೆಂಚಿನವನು. ಆ ಹುಡುಗಿಯ ಎದುರು ನಿಂತು "ತಪ್ಪು ನಿಂದಲ್ಲ ಕಣಮ್ಮ, ನಂದು" ಅಂದೆ. ಪ್ರತಿ ಉತ್ತರಕ್ಕೂ, ಜಾಗ ಬದಲಾದರೂ ಬದಲಾಗದ ಅದರದ್ದೇ ಗುರುತು ಕೊಟ್ಟು, ಎಲ್ಲರ ಅಂಕ ಮತ್ತೆ ಲೆಕ್ಕ ಹಾಕಿಸಿದೆ.

ಮೇಷ್ಟ್ರು ಮಾತ್ರ ಕೊನೇ ಬೆಂಚಿನವನನ್ನು ಬಿಡಲಿಲ್ಲ. "ಎಲ್ಲಾದಕ್ಕೂ ಎರಡನೇದೇ ಒತ್ತಿದೀಯಲ್ಲೋ, ಒಂದು ಪ್ರಶ್ನೆನಾದ್ರೂ ಓದಿದ್ಯಾ?"

"ಓದಿದ್ರೆ ತಪ್ಪಾಗ್ತಿತ್ತು ಸಾರ್."

ಸಾಂಬಾರು ಹೇಗಿದೆ?

ಹೆಬ್ಬಾಳದ ಒಂದು ಕಾರ್ಖಾನೆಯವರಿಗೆ ಕ್ಯಾಂಟೀನ್ ಊಟದ ಬಗ್ಗೆ ಕೆಲಸಗಾರರ ಅಭಿಪ್ರಾಯ ಬೇಕಿತ್ತು. ಪ್ರಶ್ನೆಗಳನ್ನು ಮ್ಯಾನೇಜರೇ ಬರೆದುಕೊಟ್ಟರು. ಸಾಂಬಾರು ಹೇಗಿದೆ? ಒಂದು, ಚೆನ್ನಾಗಿದೆ. ಎರಡು, ಬಹಳ ಚೆನ್ನಾಗಿದೆ. ಮೂರು, ಅತ್ಯುತ್ತಮ.

"ಚೆನ್ನಾಗಿಲ್ಲ ಅನ್ನೋದು ಬೇಡ್ವಾ ಸಾರ್?"

"ಅದನ್ನಿಟ್ರೆ ಎಲ್ರೂ ಅದನ್ನೇ ಒತ್ತಿಬುಡ್ತಾರೆ ಕಣ್ರೀ!"

ಮೇಲಾಗಿ, ಏನನ್ನೂ ಒತ್ತದೆ ಯಾರೂ ಮುಂದೆ ಹೋಗುವ ಹಾಗಿರಬಾರದು ಅಂದರು. ಹಾಗೇ ಮಾಡಿಕೊಟ್ಟೆ.

ಮೊದಲ ಪಾಳಿ ಮುಗಿಯಿತು. ಕ್ಯಾಂಟೀನ್ ಬಾಗಿಲಲ್ಲಿ ಒಂದೇ ಕಂಪ್ಯೂಟರ್, ಅದರ ಮುಂದೆ ಉದ್ದ ಸಾಲು, ಗೇಟಿನಾಚೆ ಬಸ್ಸು. ಸಾಲಿನ ಮೊದಲಿಗೆ ನಿವೃತ್ತಿ ಹತ್ತಿರವಾಗಿದ್ದ ಒಬ್ಬ ಫಿಟ್ಟರ್. ಪರದೆಯನ್ನು ಎರಡು ಸಲ ಓದಿದರು.

"ಏನವ್ವ, ನನ್ ಉತ್ತರ ಇದ್ರಲ್ಲಿ ಇಲ್ವಲ್ಲ?"

"ಯಾವುದಾದ್ರೂ ಒಂದು ಒತ್ಲೇಬೇಕು ಯಜಮಾನ್ರೇ."

"ಸುಳ್ಳು ಒತ್ತು ಅಂತೀಯಾ?"

ಹಿಂದಿನವರು "ಬಸ್ ಹೋಯ್ತದೆ, ಎಂಗಾದ್ರೂ ಒತ್ಬುಡಣ್ಣೋ" ಅಂತ ಕೂಗಿದರು. ಫಿಟ್ಟರ್ ಅವಸರ ಮಾಡಲಿಲ್ಲ. ಒಳಗೆ ಹೋಗಿ ಸ್ಟೀಲ್ ಲೋಟದ ತುಂಬ ಸಾಂಬಾರು ತಂದು, ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಕೈಗೆ ಕೊಟ್ಟರು.

"ನಂಗೆ ಅಷ್ಟು ತಿಳಿಯಕಿಲ್ಲ ಸ್ವಾಮಿ. ನೀವೇ ಒಂದು ಗುಟುಕು ಕುಡ್ದು ಯಾವ್ದು ಅಂತ ಹೇಳ್ಬುಡಿ. ಅದನ್ನೇ ಒತ್ತೀನಿ."

ಇಡೀ ಪಾಳಿ ನೋಡುತ್ತಿತ್ತು. ಮ್ಯಾನೇಜರ್ ಕುಡಿದರು. ನುಂಗಲೂ ಆಗದೆ, ಉಗಿಯಲೂ ಆಗದೆ ಕೆನ್ನೆ ಉಬ್ಬಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಹೇಗೋ ಗಂಟಲಿಗಿಳಿಸಿ, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಮೇಡಂ, ನಾಲ್ಕನೇದು ಸೇರಿಸೋಕೆ ಎಷ್ಟು ಹೊತ್ತು ಬೇಕು?"